ಹನ್ನೊಂದು ಚೆಸ್ ಆಟಗಾರರು, ಒಂದು ಮಿರ್ಚಿ ಅಂಗಡಿ

ನಾಗವೇಣಿ, ನೀನು ನನ್ನ ಕುರ್ಚಿ ಮೇಲೆ ಕೂತ ಎರಡನೇ ದಿನವೇ ಫೋನ್ ಮಾಡಿ, "ಮೇಡಂ, ಈ ರೂಮಿನಾಗ ಕೆಲಸ ಏನ್ರಿ ಮಾಡಬೇಕು?" ಅಂತ ಕೇಳಿದೆಯಲ್ಲ, ನನಗೆ ನಗು ಬಂತು. ಸ್ವಲ್ಪ ಸಿಟ್ಟೂ ಬಂತು, ಸುಳ್ಳ್ಯಾಕೆ ಹೇಳಲಿ. ಆ ರೂಮಿನ ಕೆಲಸ ಏನು ಅಂತ ನನಗೂ ಮೊದಲ ಎರಡು ವರ್ಷ ಗೊತ್ತಿರಲಿಲ್ಲ. ಗೊತ್ತಾಗೋ ಹೊತ್ತಿಗೆ ಒಂದು ಹುಡುಗಿಯ ಓದು ನನ್ನ ಕೈಯಾರೆ ನಿಂತುಹೋಗೋದರಲ್ಲಿತ್ತು. ಅದು ಫೋನಿನಲ್ಲಿ ಹೇಳಿ ಮುಗಿಸೋ ಮಾತಲ್ಲ. ಜೀವನವೆಲ್ಲ ಬೇರೆಯವರ ಅರ್ಜಿ ಟೈಪ್ ಮಾಡಿದವಳು ನಾನು. ರಿಟೈರ್ ಆದಮೇಲೆ ನನ್ನದೂ ನಾಲ್ಕು ಪುಟ ಬರೆದರೆ ಯಾರೂ ಬೇಡ ಅನ್ನಲಾರರು.

ಬಡ್ತಿ ಗಿಡ್ತಿ ವಿಚಾರ ಬಿಡು. ಹೊಸಪೇಟೆಯ ಆ ಕಾಲೇಜಿಗೆ ಟೈಪಿಸ್ಟ್ ಆಗಿ ಸೇರಿದೆ, ಹೆಡ್‌ಕ್ಲಾರ್ಕ್ ಆಗಿ ಹಾರ ಹಾಕಿಸ್ಕೊಂಡು ಹೊರಗೆ ಬಂದೆ. ನಡುವೆ ಆದದ್ದೇ ಹೇಳಬೇಕಾದ್ದು.

ನಾನು ಸೇರಿದಾಗ ಆಫೀಸಿನ ಸೂಪರಿಂಟೆಂಡೆಂಟ್ ಭೀಮರಾಯರು. ಹಣೆ ಮೇಲೆ ಅಂಗಾರ ಅಕ್ಷತೆ, ಜೇಬಿನಲ್ಲಿ ಕೆಂಪು ಪೆನ್ನು. ದೇವರ ಪೂಜೆ ಎಷ್ಟು ಮಡಿಯಲ್ಲಿ ಮಾಡ್ತಿದ್ದರೋ ಅಷ್ಟೇ ಮಡಿಯಲ್ಲಿ ಫೈಲು ಮುಟ್ಟುತ್ತಿದ್ದರು. ಅವರ ಬೀರುವಿನಲ್ಲಿ ರಟ್ಟಿನ ಕವರು ಹಾಕಿದ ಒಂದು ದಪ್ಪ ಪುಸ್ತಕ ಇತ್ತು. ರಜೆ ಅರ್ಜಿಗೆ ಒಂದು ನಮೂನೆ, ಟಿ.ಸಿ. ಕೇಳೋಕೆ ಒಂದು ನಮೂನೆ, ಕಳೆದ ಬಸ್‌ಪಾಸಿಗೆ ಒಂದು ನಮೂನೆ. ನನಗೆ ಮೊದಲ ದಿನವೇ ಹೇಳಿದ್ದರು:

"ನೋಡವ್ವ ಸುಶೀಲಾ, ನಮೂನಿ ಇಲ್ಲದ ಕಾಗದ, ಗೋತ್ರ ಇಲ್ಲದ ವರ, ಎರಡನ್ನೂ ಹೊಸ್ತಿಲ ಒಳಗ ಬಿಟ್ಕೋಬಾರದು."

ಒಂದು ಸಲ ಒಬ್ಬ ಹುಡುಗ ಅಜ್ಜಿ ತೀರಿಕೊಂಡಳು ಅಂತ ರಜೆ ಚೀಟಿ ತಂದ. ರಾಯರು ಅದನ್ನು ವಾಪಸ್ ಕೊಟ್ಟರು. ಯಾಕಂದರೆ 'ವಿಷಯ' ಅಂತ ಬರೆದಿದ್ದ, ಅದರ ಕೆಳಗೆ 'ಉಲ್ಲೇಖ' ಅಂತ ಬರೆದಿರಲಿಲ್ಲ. ಹುಡುಗ ಪಾಪ, "ಸಾರ್, ಅಜ್ಜಿ ಸಾಯೋದಕ್ಕ ಉಲ್ಲೇಖ ಏನ್ ಕೊಡ್ಲಿ?" ಅಂದ. ರಾಯರು ಒಂದು ನಿಮಿಷ ಯೋಚನೆ ಮಾಡಿ, "ಹಿಂದ ಯಾರಾದ್ರೂ ಸತ್ತಿದ್ರ ಆ ರಜಾ ಅರ್ಜಿ ತಾರೀಖು ಹಾಕು" ಅಂದರು. ನಾವೆಲ್ಲ ಟೈಪ್‌ರೈಟರ್ ಹಿಂದೆ ತಲೆ ತಗ್ಗಿಸಿ ನಕ್ಕಿದ್ದೇ ನಕ್ಕಿದ್ದು.

ನಕ್ಕೆ ನಿಜ. ಆದರೆ ಅವರ ರೋಗ ನನಗೂ ಅಂಟಿತ್ತು, ಅದು ಆಮೇಲೆ ಗೊತ್ತಾಯಿತು. ನಮೂನೆ ಇಲ್ಲದೆ ನನ್ನ ಕೈ ಓಡ್ತಿರಲಿಲ್ಲ.

ರಾಯರು ಹೋದರು, ಟೈಪ್‌ರೈಟರ್ ಹೋಯಿತು, ಕಾರ್ಬನ್ ಹಾಳೆ ಹೋಯಿತು. ಕಂಪ್ಯೂಟರ್ ಬಂತು. ಒಂದು ದಿನ ಪ್ರಿನ್ಸಿಪಾಲರು ನನ್ನನ್ನು ಕರೆದು, "ಸುಶೀಲಾ ಅವರೇ, ನಮ್ಮ ಮಕ್ಕಳು ಓದ್ತಾ ಓದ್ತಾ ಪಾರ್ಟ್ ಟೈಮ್ ಕೆಲಸ ಮಾಡ್ತೀವಿ ಅಂತಾರೆ. ಅರ್ಜಿ ಬರೆಯೋಕೆ ಬರೋದಿಲ್ಲ. ಸೈಕಲ್ ಸ್ಟ್ಯಾಂಡ್ ಪಕ್ಕದ ರೂಮು ಖಾಲಿ ಇದೆ, ನೀವು ನೋಡ್ಕೊಳ್ಳಿ" ಅಂದರು. ಅವರು ಹೊಗಳಿದರೋ, ಆಫೀಸಿನಿಂದ ಹೊರಗೆ ಹಾಕಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕಾಲು ಅಲ್ಲಾಡೋ ಒಂದು ಬೆಂಚು. ನೀನೀಗ ಕೂತಿರೋದು ಅದೇ ರೂಮು.

ಮಕ್ಕಳು ಬರೋಕೆ ಶುರುವಾದರು. ಕಂಪ್ಲಿಯಿಂದ ಮೊದಲ ಬಸ್ಸಿಗೆ ಬರೋರು, ದೋಣಿಮಲೈ ಗಣಿಯ ಕ್ವಾರ್ಟರ್ಸಿನಿಂದ ಬರೋರು, ಚಿತ್ತವಾಡ್ಗಿಯಿಂದ ಷೇರ್ ಆಟೋದಲ್ಲಿ ನೇತಾಡಿಕೊಂಡು ಬರೋರು. ಊರಲ್ಲಿ ಕೆಲಸಕ್ಕೇನೂ ಬರ ಇರಲಿಲ್ಲ. ಮೊಬೈಲ್ ಅಂಗಡಿ, ಟ್ಯೂಷನ್, ಹಂಪಿಗೆ ಬರೋ ಜನಕ್ಕೆ ಹೋಟೆಲು, ಲಾಡ್ಜು. ಬರ ಇದ್ದದ್ದು ಒಂದು ಪುಟ ನೆಟ್ಟಗೆ ಬರೆಯೋದಕ್ಕೆ.

ಒಬ್ಬ ಕಂಪ್ಲಿ ಹುಡುಗನ ಕಥೆ ಕೇಳು. ಮೊಬೈಲ್ ಅಂಗಡಿಗೆ ಅರ್ಜಿ ಹಾಕಿ ಬಂದಿದ್ದ, ಸ್ವಂತ ಬುದ್ಧಿಯಿಂದ. 'ಬಯೋಡೇಟಾ ಕೊಡು' ಅಂದರಂತೆ, ಮನೆಯಲ್ಲಿ ಅಣ್ಣನ ಮದುವೆಗೆ ಮಾಡಿಸಿದ ಬಯೋಡೇಟಾ ಇತ್ತಲ್ಲ, ಅದರಲ್ಲೇ ಹೆಸರು, ಹುಟ್ಟಿದ ತಾರೀಖು ಬದಲು ಮಾಡಿ ಕೊಟ್ಟಿದ್ದಾನೆ. ಬಣ್ಣ: ಗೋಧಿ. ಎತ್ತರ ಇಷ್ಟು, ನಕ್ಷತ್ರ ಇಂಥದ್ದು, ಸೋದರಮಾವಂದಿರು ಇಬ್ಬರು. ಕೊನೆಗೆ, 'ವಧುವಿನ ಕಡೆಯಿಂದ ಯಾವ ಅಪೇಕ್ಷೆಯೂ ಇಲ್ಲ.' ಅಂಗಡಿಯವನು ಪುಣ್ಯಾತ್ಮ, ಓದಿ ಕೈಮುಗಿದು, "ತಮ್ಮಾ, ನಮ್ಮ ಕಡೆ ಮೊಬೈಲ್ ಅದಾವ, ಹೆಣ್ಣು ಇಲ್ಲಪ್ಪಾ" ಅಂದನಂತೆ. ಹುಡುಗ ನನ್ನ ಮುಂದೆ ಬೆಂಚಿನ ಮೇಲೆ ಕೂತು, "ನಕ್ಷತ್ರ ತಪ್ಪು ಹಾಕಿದ್ನೇನ್ರಿ ಮೇಡಂ?" ಅಂತ ಕೇಳಿದ.

ಫೋಟೋಗಳದ್ದು ಇನ್ನೊಂದು ಗೋಳು. ಕೂಲಿಂಗ್ ಗ್ಲಾಸ್ ಹಾಕ್ಕೊಂಡು, ಡ್ಯಾಮಿನ ಗೇಟಿನ ಮುಂದೆ ಎದೆ ಉಬ್ಬಿಸಿ ನಿಂತದ್ದು. ಗೆಳೆಯನ ಬೈಕಿನ ಮೇಲೆ ಕೂತದ್ದು. ಒಬ್ಬನ ಫೋಟೋದಲ್ಲಿ ಹೆಗಲ ಮೇಲೆ ಯಾರದೋ ಕೈ ಮಾತ್ರ ಉಳಿದಿತ್ತು, ಆಳನ್ನು ಕತ್ತರಿಸಿ ತೆಗೆದಿದ್ದ. ಮೇಲ್ ವಿಳಾಸ ಕೇಳಿದರೆ 'ಸಂಡೂರು ಡಾನ್' ಅನ್ನೋನು ಒಬ್ಬ. ಫೋನ್ ನಂಬರ್ ಕೇಳಿದರೆ ಅಪ್ಪನದು ಕೊಡೋನು ಇನ್ನೊಬ್ಬ. ಅಪ್ಪ ಮೈನ್ಸಿನಲ್ಲಿ, ಆ ಗಣಿಯಲ್ಲಿ ನೆಟ್‌ವರ್ಕ್ ಇಲ್ಲ. ಕೆಲಸ ಕೊಡೋರು ಫೋನ್ ಮಾಡಿ ಮಾಡಿ ಸುಸ್ತಾದರು, ಇವನು ಇಲ್ಲಿ "ಯಾರೂ ಕರೀಲಿಲ್ರಿ" ಅಂತ ಮೋರೆ ಇಳಿಬಿಟ್ಟು ಕೂತಿದ್ದ. ಇವೆಲ್ಲ ನಿನಗೂ ಬರ್ತಾವೆ. ನಗಬೇಡ ಅಂತ ಹೇಳೋದಿಲ್ಲ. ಅವರು ಹೊರಗೆ ಹೋದಮೇಲೆ ನಗು.

ಇಷ್ಟು ಅಧ್ವಾನದ ನಡುವೆ ದೋಣಿಮಲೈ ಕಡೆಯ ಒಬ್ಬ ಹುಡುಗ ಒಂದು ರೆಸ್ಯೂಮ್ ತಂದ. ಅಬ್ಬಾ, ನೋಡಿದರೆ ಕಣ್ಣಿಗೆ ಹಬ್ಬ. ಅವರ ಸೋದರಮಾವ ಯಾವುದೋ ದೊಡ್ಡ ಕಂಪನಿಯವರಿಂದ ಮಾಡಿಸಿದ್ದನಂತೆ. ಅಚ್ಚುಕಟ್ಟು ಗೆರೆ, ಅಚ್ಚುಕಟ್ಟು ಇಂಗ್ಲಿಷು. ನಾನು ಸವಾಲುಗಳನ್ನು ಪ್ರೀತಿಸುವವನು, ನನ್ನಲ್ಲಿ ನಾಯಕತ್ವದ ಗುಣವಿದೆ, ಒತ್ತಡದಲ್ಲೂ ನಗುನಗುತ್ತಾ ದುಡಿಯಬಲ್ಲೆ. ಹವ್ಯಾಸ: ಚೆಸ್, ಬೆಟ್ಟ ಹತ್ತುವುದು, ಇಂಗ್ಲಿಷ್ ಕಾದಂಬರಿ ಓದುವುದು. ಆ ಹುಡುಗನಿಗೆ ಅದು ನಿಜವೂ ಆಗಿತ್ತು. ಕ್ವಾರ್ಟರ್ಸ್ ಹುಡುಗ, ಚೆಸ್ ಆಡ್ತಿದ್ದ, ಸಂಡೂರಿನ ಗುಡ್ಡ ಹತ್ತಿ ಇಳೀತಿದ್ದ. ಹೋದ ಕಡೆ ಕೆಲಸ ಸಿಕ್ಕಿತು.

ನನ್ನೊಳಗಿನ ಭೀಮರಾಯರು ಎದ್ದು ಕೂತರು. ಸಿಕ್ತಲ್ಲ ನಮೂನೆ! ಅದನ್ನು ಕಂಪ್ಯೂಟರಿನಲ್ಲಿ ಹಾಕಿಟ್ಟುಕೊಂಡೆ. ಯಾರೇ ಬರಲಿ, ಹೆಸರು, ಊರು, ಮಾರ್ಕ್ಸು, ನಂಬರು ಬದಲಿಸು, ಪ್ರಿಂಟ್ ಒತ್ತು. ಐದು ನಿಮಿಷದ ಕೆಲಸ. ಬೆಂಚು ಖಾಲಿ ಆಗ್ತಿತ್ತು, ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು "ಭೇಷ್" ಅಂತಿದ್ದರು. ನಾನು ಉಬ್ಬಿದ ಪೂರಿ ಆಗಿದ್ದೆ.

ಆ ಹೊತ್ತಿಗೇ ಊರಿನ ಒಂದು ಹೋಟೆಲಿನವರು, ಹೆಸರು ಬೇಡ, ಕೆಲಸಕ್ಕೆ ಕರೆದರು. ಶುಕ್ರವಾರದಿಂದ ಭಾನುವಾರ ಸಂಜೆ ರಿಸೆಪ್ಷನ್‌ನಲ್ಲಿ ನಿಲ್ಲೋದಕ್ಕೆ ಇಬ್ಬರು ವಿದ್ಯಾರ್ಥಿಗಳು ಬೇಕು. ಹಂಪಿ ನೋಡೋಕೆ ಬಂದವರು ಸಂಜೆ ಹೊತ್ತಿಗೆ ಒಟ್ಟಿಗೇ ನುಗ್ತಾರಲ್ಲ, ಅದಕ್ಕೆ. ಒಳ್ಳೆ ಜಾಗ, ಹೆಣ್ಣುಮಕ್ಕಳನ್ನು ಮನೆಗೆ ಬಿಟ್ಟುಬರೋಕೆ ಹೋಟೆಲಿನ ಗಾಡಿ. ನನ್ನ ರೂಮಿನ ಮುಂದೆ ಸಾಲು ನಿಂತಿತು.

ಸಾಲಿನಲ್ಲಿ ಹುಲಿಗೆಮ್ಮ ಇದ್ದಳು. ಬಿ.ಕಾಂ. ಎರಡನೇ ವರ್ಷ, ಚಿತ್ತವಾಡ್ಗಿ ಹುಡುಗಿ. ತಂದೆ ಇಲ್ಲ. ತಾಯಿ ಗಂಗಮ್ಮ ಅಲ್ಲೇ ಆಟೋ ಸ್ಟ್ಯಾಂಡ್ ಹತ್ತಿರ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟಿದ್ದಳು. ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಿದ್ದಳು, ಗತ್ತು ಇತ್ತು. ನಾನು ಕೀಲಿಮಣೆಯಿಂದ ತಲೆ ಎತ್ತದೆ ಕೇಳಿದೆ:

"ಅನುಭವ ಏನಾರ ಐತೇನವ್ವಾ?"

"ಇಲ್ರಿ ಮೇಡಂ."

"ಎಲ್ಲೂ ಕೆಲಸ ಮಾಡಿಲ್ಲ?"

"ಎಲ್ಲೂ ಇಲ್ರಿ. ಕಾಲೇಜು, ಮನಿ, ಅಷ್ಟ."

'ಅನುಭವ: ಇಲ್ಲ' ಅಂತ ಹೊಡೆದೆ. ಪ್ರಿಂಟ್ ತಗೊಂಡು ಹೋಗುವಾಗ ಅವಳು ಬಾಗಿಲಲ್ಲಿ ನಿಂತು, "ಮೇಡಂ, ಇದು ಆಗಬೇಕ್ರಿ. ನಮ್ಮವ್ವ ಬರೋ ವರ್ಷ ಕಾಲೇಜು ಬ್ಯಾಡ, ಅಂಗಡಿಗೆ ಪೂರ್ತಿ ಬಂದುಬಿಡು ಅಂದಾಳ. ನಿನ್ನ ಓದಿನ ಖರ್ಚು ನೀನ ನೋಡ್ಕಂತಿ ಅಂದ್ರ ಮಾತ್ರ ಫೈನಲ್ ಇಯರ್ರು. ಇಲ್ಲಾಂದ್ರ ಮುಗೀತ್ರಿ" ಅಂದಳು. ನಾನು, "ಆಗ್ತದೆ ಬಿಡವ್ವಾ, ಇದು ಮಸ್ತ್ ನಮೂನಿ" ಅಂದೆ. ಆ ಮಾತು ನೆನೆಸಿಕೊಂಡರೆ ಈಗಲೂ ನನ್ನ ತಲೆಗೆ ನಾನೇ ಮೊಟಕಿಕೊಳ್ಳೋಣ ಅನ್ನಿಸ್ತದೆ.

ನಾಲ್ಕು ದಿನ ಬಿಟ್ಟು ಪ್ರಿನ್ಸಿಪಾಲರು ಕರೆಸಿದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

"ಸುಶೀಲಾ ಅವರೇ, ನಮ್ಮ ಕಾಲೇಜಿನಲ್ಲಿ ಚೆಸ್ ಬೋರ್ಡು ಎಷ್ಟಿದಾವೆ?"

"ಒಂದೈತ್ರಿ ಸಾರ್."

"ಕಾಯಿ?"

"ಒಂದು ಕುದುರಿ ಕಳದೈತ್ರಿ."

"ಒಂದು ಕುದುರೆ ಇಲ್ಲದ ಬೋರ್ಡಿನಲ್ಲಿ ಹನ್ನೊಂದು ಜನ ಆಟಗಾರರನ್ನ ಹೆಂಗೆ ತಯಾರು ಮಾಡಿದಿರಿ ನೀವು?"

ಹೋಟೆಲಿನ ಮ್ಯಾನೇಜರ್ ಫೋನ್ ಮಾಡಿದ್ದರಂತೆ. ಹನ್ನೊಂದು ಅರ್ಜಿ ಬಂದಿವೆ, ಹನ್ನೊಂದರಲ್ಲೂ ಅದೇ ಸವಾಲು, ಅದೇ ನಾಯಕತ್ವ, ಹನ್ನೊಂದು ಜನರೂ ಚೆಸ್ ಆಡ್ತಾರೆ, ಬೆಟ್ಟ ಹತ್ತುತ್ತಾರೆ. ಮೊದಲು ಬಂದ ಹುಡುಗನಿಗೆ "ಕುದುರೆ ಹೇಗೆ ನಡೆಯುತ್ತೆ?" ಅಂತ ಕೇಳಿದ್ದಕ್ಕೆ ಅವನು "ನಾಲ್ಕು ಕಾಲಿಲೆ ಸಾರ್" ಅಂದನಂತೆ. ಹೆಣ್ಣುಮಗಳೊಬ್ಬಳ ರೆಸ್ಯೂಮಿನಲ್ಲಿ 'ಇವನು ಶ್ರಮಜೀವಿ' ಅಂತ ಉಳಿದುಬಿಟ್ಟಿತ್ತು. ಹನ್ನೊಂದನ್ನೂ ಮಡಚಿ ಇಟ್ಟು, "ನಿಮ್ಮ ಕಾಲೇಜಿನವರನ್ನು ಈ ಸಲ ಬಿಡ್ತೀವಿ" ಅಂದಿದ್ದರು ಮ್ಯಾನೇಜರು.

ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನಾನು ಮಾಡಿದ್ದನ್ನು ಮಕ್ಕಳು ಉಂಡರು, ಅದೇ ಸಂಕಟ. ರೂಮಿಗೆ ಬಂದರೆ ಬೆಂಚಿನ ಮೇಲೆ ಹುಲಿಗೆಮ್ಮ ಕೂತಿದ್ದಳು. ಸುದ್ದಿ ಮುಟ್ಟಿತ್ತು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ಚೆಸ್ ಅಂತ ಬರದೀರಿ ಅಂತ ನನಗ ಗೊತ್ತ ಇರಲಿಲ್ರಿ ಮೇಡಂ. ಇಂಗ್ಲಿಷಿನಾಗ ಇತ್ತಲ್ರಿ, ನೀವು ಬರದೀರಿ ಅಂದ ಮ್ಯಾಲ ಸರಿನ ಇರತೈತಿ ಅಂತ ಓದದ ಕೊಟ್ಟೆ" ಅಂದಳು.

ಅಯ್ಯೋ ದೇವರೇ, ಬೈದಿದ್ದರೂ ಇಷ್ಟು ನಾಟ್ತಿರಲಿಲ್ಲ.

ಅವತ್ತೇ ಮಧ್ಯಾಹ್ನ ಆಟೋ ಹತ್ತಿ ಹೋಟೆಲಿಗೆ ಹೋದೆ. ಮ್ಯಾನೇಜರ್ ದಿವಾಕರ್ ಅಂತ, ಕರಾವಳಿ ಕಡೆಯವರು, ಪುಸ್ತಕದ ಹಾಗೆ ಮಾತಾಡೋರು. ನಾನು ಕುರ್ಚಿ ಮೇಲೆ ಕೂರದೆ ಹೇಳಿದೆ: "ಆ ಹನ್ನೊಂದು ಅರ್ಜಿ ಬರೆದಾಕಿ ನಾನ್ರಿ. ಮಕ್ಕಳದೇನೂ ತಪ್ಪಿಲ್ಲ. ಬೈಯೋದಿದ್ರ ನನಗ ಬೈರಿ."

ಅವರು ಬೈಯಲಿಲ್ಲ. ನೀರು ತರಿಸಿದರು. "ಒಂದು ಜಾಗ ಬೇರೆ ಕಾಲೇಜಿನ ಹುಡುಗನಿಗೆ ಕೊಟ್ಟಾಯಿತು ಮೇಡಂ. ಒಂದು ಉಳಿದಿದೆ. ಶನಿವಾರ ಒಬ್ಬರನ್ನು ಕಳಿಸಿ, ನೋಡುತ್ತೇನೆ. ಒಂದೇ ಪುಟ ಇರಲಿ, ಒಂದೇ ಒಂದು ಸುಳ್ಳೂ ಇರಬಾರದು" ಅಂದರು. ಹನ್ನೊಂದರಲ್ಲಿ ಯಾರನ್ನು ಕಳಿಸೋದು? ಪ್ರಿನ್ಸಿಪಾಲರನ್ನು ಕೇಳಿದೆ. ಉಳಿದವರಿಗೆ ಮುಂದೆಯೂ ಕೆಲಸ ಹುಡುಕಬಹುದು, ಓದೇ ನಿಲ್ಲೋದು ಹುಲಿಗೆಮ್ಮನದು ಒಬ್ಬಳದೇ ಅಂತ ಇಬ್ಬರಿಗೂ ಅನ್ನಿಸಿತು.

ಆದರೆ ಬರೆಯೋದೇನು? ಅನುಭವ ಇಲ್ಲ, ಹವ್ಯಾಸ ಇಲ್ಲ, ಬಹುಮಾನ ಇಲ್ಲ. ನಮೂನೆ ಬಿಟ್ಟ ಮೇಲೆ ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಅವತ್ತು ಸಂಜೆ, ಹುಡುಗಿ ಮನೆಯಲ್ಲಿದ್ದರೆ ಕೇಳೋಣ ಅಂತ ಚಿತ್ತವಾಡ್ಗಿಗೆ ಹೋದೆ. ಮನೆಯಲ್ಲಿ ಇರಲಿಲ್ಲ, ಅಂಗಡಿಯಲ್ಲಿ ಇದ್ದಳು.

ನಾನು ಸ್ವಲ್ಪ ದೂರ ನಿಂತು ನೋಡಿದೆ ನಾಗವೇಣಿ. ಮೈನ್ಸಿನ ಕೆಲಸ ಮುಗಿಸಿದವರನ್ನು ಬಸ್ಸು ಆಗಷ್ಟೇ ಇಳಿಸಿತ್ತು. ಹಸಿದ ಇಪ್ಪತ್ತು ಗಂಡಸರು ಒಂದೇ ಸಲ ಕೈ ಚಾಚಿದ್ದರು. ಗಂಗಮ್ಮ ಬಾಣಲಿ ಮುಂದೆ, ಹುಲಿಗೆಮ್ಮ ಜನರ ಮುಂದೆ. ಒಬ್ಬನಿಗೆ ತೆಲುಗಿನಲ್ಲಿ ಉತ್ತರ, ಇನ್ನೊಬ್ಬನಿಗೆ ಉರ್ದುವಿನಲ್ಲಿ, ಹಂಪಿಯಿಂದ ವಾಪಸ್ ಬರ್ತಿದ್ದ ಒಂದು ಸಂಸಾರಕ್ಕೆ ಹಿಂದಿಯಲ್ಲಿ ಲಾಡ್ಜಿನ ದಾರಿ. "ಕಾಕಾ, ನಿಮಗ ಖಾರ ಬ್ಯಾಡಲ್ಲ, ಡಾಕ್ಟರ್ ಬ್ಯಾಡ ಅಂದಾರಲ್ಲ, ತಡ್ಕಳ್ರಿ ಬ್ಯಾರೆ ಹಾಕಸ್ತೀನಿ." ಇನ್ನೊಬ್ಬ ತನಗೆ ಮೊದಲು ಕೊಡಲಿಲ್ಲ ಅಂತ ಕೂಗಾಡಿದ. ಅವನ ಕೈಗೆ ಮಂಡಕ್ಕಿ ಪೊಟ್ಟಣ ಇಟ್ಟು, "ಬೈಯೋದು ಬೈರಿ ಅಣ್ಣಾ, ತಿಂತಾ ಬೈರಿ" ಅಂದಳು. ಅವನು ನಕ್ಕುಬಿಟ್ಟ. ಹತ್ತು ನಿಮಿಷದಲ್ಲಿ ಜನ ಕರಗಿತು.

ಇವಳು ನನಗೆ ಹೇಳಿದ್ದು ಏನು? 'ಎಲ್ಲೂ ಕೆಲಸ ಮಾಡಿಲ್ಲ.'

ನನಗೆ ಸಿಟ್ಟು ನೆತ್ತಿಗೇರಿತು. ಹತ್ತಿರ ಹೋಗಿ, "ಲೇ ಹುಡುಗೀ, ಇದೇನಿದು? ಎಷ್ಟು ವರ್ಷದಿಂದ ಮಾಡಾಕತ್ತೀಯ?" ಅಂದೆ.

"ಏಳನೇ ಕ್ಲಾಸಿಂದ್ರಿ. ಯಾಕ್ರಿ ಮೇಡಂ?"

"ಅನುಭವ ಇಲ್ಲ ಅಂದ್ಯಲ್ಲ!"

"ಇದು ಕೆಲಸ ಏನ್ರಿ? ಇದು ನಮ್ಮ ಅಂಗಡಿ."

ಮಾರನೇ ದಿನ ರೂಮಿನಲ್ಲಿ ಕೂತೆವು. ಹೊಸ ಹಾಳೆ, ಖಾಲಿ ಪರದೆ. "ಮುಂಜಾನೆ ಎದ್ದಾಗಿಂದ ಮಲಗೋತನಕ ಏನೇನ್ ಮಾಡ್ತಿ, ಒಂದೂ ಬಿಡದ ಹೇಳು" ಅಂದೆ. ಹೇಳಿದಳು. ನಾನು ಬರೆದುಕೊಂಡೆ. ಮಿರ್ಚಿ ಅಂಗಡಿ ಅಂತ ಟೈಪ್ ಮಾಡೋ ಹೊತ್ತಿಗೆ ನನ್ನ ಕೈ ಹಿಡಿದುಬಿಟ್ಟಳು.

"ಅದೊಂದು ಬ್ಯಾಡ್ರಿ ಮೇಡಂ. ದೊಡ್ಡ ಹೋಟೆಲ್ರಿ ಅದು. ಓದಿ ನಗ್ತಾರ. ಕ್ಲಾಸಿನಾಗ ನನಗ ಮಿರ್ಚಿ ಮಿರ್ಚಿ ಅಂತ ಕರೀತಾರ, ಸಾಕಾಗೇತಿ."

ಮೊದಲಾಗಿದ್ದರೆ ನಾನು ಜೋರು ಮಾಡಿ ಟೈಪ್ ಮಾಡಿಬಿಡ್ತಿದ್ದೆ. ಚೆಸ್ ನನಗೆ ಬುದ್ಧಿ ಕಲಿಸಿತ್ತು. ಕೀಲಿಮಣೆಯನ್ನು ಅವಳ ಕಡೆ ತಿರುಗಿಸಿದೆ. "ಇದು ನಿನ್ನ ಕಾಗದ. ನೀನ ಬರಿ. ಬ್ಯಾಡ ಅನ್ನಿಸಿದ್ರ 'ಅನುಭವ ಇಲ್ಲ' ಅಂತ ಹೊಡಿ, ನಾ ಏನೂ ಅನ್ನಂಗಿಲ್ಲ. ಆದ್ರ ನಿನ್ನೆ ನಾನು ನೋಡಿದ್ದು ಸುಳ್ಳಾಗತೈತಿ ನೋಡು."

ಕೀಲಿಮಣೆ ಹತ್ತಿರ ಎಳೆದುಕೊಂಡಳು. ಹೊರಗೆ ಯಾರದೋ ಸೈಕಲ್ ಬಿತ್ತು, ಯಾರೋ ಬೈದರು. ಆಮೇಲೆ ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಅನುಭವ: ಸಹಾಯಕಿ, ಮಿರ್ಚಿ ಅಂಗಡಿ, ಚಿತ್ತವಾಡ್ಗಿ, ಏಳನೇ ತರಗತಿಯಿಂದ ಇವತ್ತಿನವರೆಗೆ. ಭಾಷೆ: ಕನ್ನಡ, ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಓದಲು ಬರುತ್ತದೆ, ಮಾತನಾಡಲು ಕಲಿಯುತ್ತಿದ್ದೇನೆ. ಹವ್ಯಾಸ ಅನ್ನೋ ಕಡೆ ಬಂದಾಗ ನನ್ನ ಮುಖ ನೋಡಿದಳು. ನಾನು, "ದಿಟ ಹೇಳು" ಅಂದೆ. 'ಸದ್ಯಕ್ಕೆ ಬಿಡುವಿಲ್ಲ' ಅಂತ ಒತ್ತಿದಳು. ನಾನು ಇಂಗ್ಲಿಷಿಗೆ ತಿರುಗಿಸಿ ಪ್ರತಿ ಸಾಲನ್ನೂ ಅವಳಿಂದ ಓದಿಸಿ, ಅರ್ಥ ಹೇಳಿಸಿದೆ. ಐದು ನಿಮಿಷದ ಕೆಲಸಕ್ಕೆ ಎರಡು ದಿನ ಹಿಡಿಯಿತು.

ಕೊನೆಯ ಸಾಲು ನಮ್ಮನ್ನು ಕಾಡಿತು. ಇವಳ ಬಗ್ಗೆ ಯಾರನ್ನು ಕೇಳಬಹುದು, ಅವರ ಹೆಸರು, ನಂಬರು. ಎಲ್ಲರೂ ಪ್ರಿನ್ಸಿಪಾಲರ ಹೆಸರು ಹಾಕ್ತಾರೆ. ನಾನೂ ಹಾಕೋಕೆ ಹೋದೆ.

"ಅವರಿಗೆ ಮೊನ್ನಿತನಕ ನನ್ನ ಹೆಸರ ಗೊತ್ತಿರಲಿಲ್ರಿ ಮೇಡಂ" ಅಂದಳು. "ಕೆಲಸ ಮಾಡಿದ ಕಡಿ ಮಾಲೀಕರನ್ನ ಹಾಕಬೇಕಲ್ಲ? ಹಂಗಾದ್ರ ನಮ್ಮವ್ವನ ಹೆಸರು ಹಾಕ್ರಿ."

ನಾನು ತಡೆದೆ. "ನಿಮ್ಮವ್ವಗ ನೀನು ಅಂಗಡ್ಯಾಗ ಇರಬೇಕು. ಅವರು ಫೋನ್ ಮಾಡಿದಾಗ ಆಕಿ ಬ್ಯಾಡ ಅಂದುಬಿಟ್ರ?"

"ಒಂದೂ ಸುಳ್ಳು ಇರಬಾರ್ದು ಅಂದ್ರಲ್ರಿ."

ಗಂಗಮ್ಮ ಸಂದರ್ಶನಕ್ಕೆ ಕಳಿಸೋಕೆ ಒಂದೇ ಕರಾರು ಹಾಕಿದ್ದಳು. ಹೋಟೆಲಿಗೆ ಹುಡುಗಿ ಒಂಟಿಯಾಗಿ ಹೋಗಬಾರದು, ಮೇಡಂ ಜೊತೆಗಿರಬೇಕು. ಹಾಗಾಗಿ ಶನಿವಾರ ನಾನೂ ದಿವಾಕರ್ ಅವರ ಕೋಣೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತೆ. ನನ್ನ ಸ್ವಂತ ಇಂಟರ್‌ವ್ಯೂ ದಿನವೂ ನಾನು ಅಷ್ಟು ಹೆದರಿರಲಿಲ್ಲ.

ಅವರು ಪುಟ ಓದಿದರು. ಹವ್ಯಾಸದ ಹತ್ತಿರ ಬಂದು ಮೀಸೆಯಲ್ಲೇ ನಕ್ಕರು.

"ಚೆಸ್ ಆಡ್ತೀಯೇನಮ್ಮ?"

"ಇಲ್ರಿ ಸಾರ್. ಅದು ನಮ್ಮ ಮೇಡಂ ಆಡಿದ್ದು."

ನನ್ನ ಮುಂದೆಯೇ! ಇಬ್ಬರೂ ಸೇರಿ ನಕ್ಕರು. ನಾನೂ ನಗಬೇಕಾಯಿತು. ಆಮೇಲೆ ಅವರು ಸಿಟ್ಟಿನ ಗಿರಾಕಿ ಬಂದರೆ ಏನು ಮಾಡ್ತಿ, ರೂಮು ಖಾಲಿ ಇಲ್ಲದಿದ್ದರೆ ಏನು ಹೇಳ್ತಿ ಅಂತ ಕೇಳಿದರು. ಅವಳು ಅಂಗಡಿಯಲ್ಲಿ ಹೇಳಿದಂಗೇ ಹೇಳಿದಳು. ಅವರು ಕೊನೆಯ ಸಾಲಿಗೆ ಬಂದರು.

"ಗಂಗಮ್ಮ, ಮಾಲೀಕರು. ಇವರು ಯಾರು?"

"ನಮ್ಮವ್ವ ರಿ."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಮ್ಮ. ತಾಯಿ ಮಗಳನ್ನು ಹೊಗಳದೆ ಇನ್ನೇನು ಮಾಡ್ತಾಳೆ?"

ಹುಲಿಗೆಮ್ಮ, "ನಮ್ಮವ್ವನ್ನ ನೀವು ನೋಡಿಲ್ರಿ" ಅಂದಳು.

ಅವರು ಫೋನ್ ತೆಗೆದು ನಂಬರ್ ಒತ್ತಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ನಾನು ರಾಯರ ಸ್ಮರಣೆ ಮಾಡಿದೆ. ಭೀಮರಾಯರದ್ದಲ್ಲ, ಮಂತ್ರಾಲಯದ ರಾಯರದ್ದು.

"ಹಲೋ, ಯಾರ್ರಿ? ಜಲ್ದಿ ಹೇಳ್ರಿ, ಎಣ್ಣಿ ಕಾದೈತಿ."

"ನಾನು ಹೋಟೆಲಿನ ಮ್ಯಾನೇಜರ್ ಮಾತಾಡ್ತಿದ್ದೇನೆ. ಹುಲಿಗೆಮ್ಮ ನಿಮ್ಮಲ್ಲಿ ಕೆಲಸ ಮಾಡ್ತಾಳಂತೆ. ಕೆಲಸ ಹೇಗೆ ಅಂತ ಕೇಳೋಣ ಅಂತ."

ಆ ಕಡೆ ಮಿರ್ಚಿ ಎಣ್ಣೆಗೆ ಬಿದ್ದ ಚುಂಯ್ ಸದ್ದು.

"ಸಿಟ್ಟು ಮೂಗಿನ ಮ್ಯಾಲ ಐತ್ರಿ ಆಕಿಗೆ. ಮುಂಜಾನಿ ಮೂರು ಸಲ ಕರದ್ರೂ ಏಳಂಗಿಲ್ಲ. ಎದ್ದ ಮ್ಯಾಲ ಕುಂದ್ರಂಗಿಲ್ಲ. ಸುಳ್ಳು ಹೇಳಂಗಿಲ್ಲ. ಒಮ್ಮೆ ಬಂದೋರ ಮುಖ ಮರಿಯಂಗಿಲ್ಲ."

"ಹಾಗಾದರೆ ನಾವು ಕೆಲಸಕ್ಕೆ ತಗೋಬಹುದಾ?"

"ನನ್ನ ಕೇಳಿದ್ರ ಬ್ಯಾಡ ಅಂತೀನ್ರಿ."

ಹುಲಿಗೆಮ್ಮ ತಲೆ ತಗ್ಗಿಸಿದಳು. ನಾನು ಅವಳ ಕೈ ಹಿಡಿದುಕೊಂಡೆ. ದಿವಾಕರ್ ಅವರೂ ನಗೋದು ಬಿಟ್ಟಿದ್ದರು.

"ಯಾಕಮ್ಮ?"

"ಯಾಕಂದ್ರ? ಆಕಿ ಹೋದ್ರ ನನ್ನ ಬಲಗೈ ಹೋದಂಗ ಆಗತೈತ್ರಿ. ಒಬ್ಬಾಕಿ ಹೆಂಗ ಮಾಡ್ಲಿ ನಾನು?" ಮತ್ತೆ ಚುಂಯ್ ಸದ್ದು. "ನಾ ಬ್ಯಾಡ ಅನ್ನೋದು ನನ್ನ ಸಲುವಾಗಿ. ನಿಮ್ಮ ಸಲುವಾಗಿ ಕೇಳಿದ್ರ ತಗೊಳ್ರಿ. ಆಕಿ ಸಲುವಾಗಿ ಕೇಳಿದ್ರೂ ತಗೊಳ್ರಿ. ಇಂಥಾಕಿ ನಿಮಗ ಎಲ್ಲೂ ಸಿಗಂಗಿಲ್ಲ. ಇಡ್ಲ್ಯಾ ಫೋನು? ಎಣ್ಣಿ ಹೊಗಿ ಆಡಾಕತ್ತೈತಿ."

ಫೋನ್ ಕಟ್ ಆಯಿತು. ಹುಡುಗಿ ಆಗ ಅತ್ತಳು, ಸದ್ದಿಲ್ಲದೆ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು. ನನ್ನ ಕಥೆಯೂ ಅದೇ. ದಿವಾಕರ್ ಅವರು ಎದ್ದು ಕಿಟಕಿ ಕಡೆ ಹೋಗಿ ನಿಂತು, "ನನ್ನ ಸರ್ವೀಸಿನಲ್ಲಿ ಎಷ್ಟೋ ಜನಕ್ಕೆ ಹೀಗೆ ಫೋನ್ ಮಾಡಿದ್ದೇನೆ ಮೇಡಂ. ಬೇಡ ಅಂದವರು ಇವರೊಬ್ಬರೇ, ನಂಬಿದ್ದು ಇವರೊಬ್ಬರನ್ನೇ" ಅಂದರು. ಹುಲಿಗೆಮ್ಮನ ಕಡೆ ತಿರುಗಿ, "ಮುಂದಿನ ಶುಕ್ರವಾರದಿಂದ ಬಾರಮ್ಮ. ಇಲ್ಲಿ ಮೂರು ಸಲ ಕರೆಯೋದಿಲ್ಲ" ಅಂತ ಸೇರಿಸಿದರು.

ಅವಳು ಫೈನಲ್ ಇಯರ್ ಓದಿದಳು, ಪಾಸಾದಳು. ಈಗ ಅದೇ ಹೋಟೆಲಿನಲ್ಲಿ ಪೂರ್ತಿ ಕೆಲಸ, ಇಂಗ್ಲಿಷ್ ಪಟಪಟ ಅಂತಾಳೆ. ಉಳಿದ ಹತ್ತು ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಮುಂಜಾನೆಯಿಂದ ಏನೇನು ಮಾಡ್ತಿ ಅಂತ ಕೇಳಿದೆ. ಒಬ್ಬ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಲಾರಿ ಚೀಟಿ ಬರೀತಿದ್ದ, ಒಬ್ಬಳು ಓಣಿಯ ಮಕ್ಕಳಿಗೆಲ್ಲ ಪಾಠ ಹೇಳ್ತಿದ್ದಳು. ಎಲ್ಲರೂ ನನಗೆ 'ಅನುಭವ ಇಲ್ಲ' ಅಂದವರೇ. ಅದಕ್ಕೇ ನಾಗವೇಣಿ, ನಿನ್ನ ಕಂಪ್ಯೂಟರಿನಲ್ಲಿ ನಮೂನೆ ಹುಡುಕಬೇಡ, ನಾನು ಅಳಿಸಿ ಬಂದಿದ್ದೀನಿ. ಬೀರುವಿನಲ್ಲಿ ಚೆಸ್ ಬೋರ್ಡ್ ಇದೆ, ಇರಲಿ ಬಿಡು. ಈಗಿನ ಮಕ್ಕಳು ಮೊಬೈಲಿನಲ್ಲೇ ಒಂದು ನಿಮಿಷಕ್ಕೆ ರೆಸ್ಯೂಮ್ ಮಾಡಿಕೊಂಡು ಬರ್ತಾರೆ, ನಾನು ಮಾಡಿದ್ದಕ್ಕಿಂತ ಚೆಂದ. ಓದು, ಮಡಚಿ ಪಕ್ಕಕ್ಕಿಡು, ಆಮೇಲೆ ಬೆಂಚಿನ ಮೇಲೆ ಕೂರಿಸಿ ಮಾತಾಡಿಸು.

ಇನ್ನೊಂದು ಹೇಳೋದು ಉಳೀತು. ಕೆಲಸ ಸಿಕ್ಕ ಮರುದಿನ ಗಂಗಮ್ಮ ನನ್ನನ್ನು ಅಂಗಡಿಗೆ ಕರೆಸಿದಳು. ಅವಳಿಗೆ ಓದು ಬರೋದಿಲ್ಲ. "ಆ ಕಾಗದದಾಗ ನನ್ನ ಹೆಸರು ಐತಂತಲ್ರಿ. ನನ್ನ ಬಗ್ಗೆ ಏನ್ ಬರದೀರಿ, ಓದ್ರಿ" ಅಂದಳು, ಜಗಳಕ್ಕೆ ನಿಂತಂಗೆ. ಓದಿದೆ: "ಗಂಗಮ್ಮ, ಮಾಲೀಕರು."

"ಯಾರು ಮಾಲೀಕರು?"

"ನೀವ ರಿ."

ಸೆರಗಿನಲ್ಲಿ ಎರಡೂ ಕೈ ಒರೆಸಿಕೊಂಡು ಕಾಗದ ತಗೊಂಡಳು. ತನ್ನ ಹೆಸರು ಎಲ್ಲಿದೆ ಅಂತ ನನ್ನಿಂದ ತೋರಿಸಿಕೊಂಡು, ಅದರ ಮೇಲೆ ಒಂದು ಸಲ ಬೆರಳಾಡಿಸಿದಳು. "ಇದರದೊಂದು ಝೆರಾಕ್ಸ್ ಕೊಡ್ರಿ" ಅಂದಳು. ಈಗಲೂ ನೋಡಬಹುದು ನೀನು, ಅಂಗಡಿಯಲ್ಲಿ ಹುಲಿಗೆಮ್ಮ ದೇವಿ ಫೋಟೋ ಕೆಳಗೆ, ಎಣ್ಣೆ ಹೀರಿ ಹೀರಿ ಹಳದಿ ಆಗಿದೆ. ಸರ್ವೀಸಿನುದ್ದಕ್ಕೂ ನನ್ನ ಕೈಯಿಂದ ಹೋದ ಕಾಗದಗಳಲ್ಲಿ ಗೋಡೆ ಹತ್ತಿದ್ದು ಅದೊಂದೇ.

ಮೊನ್ನೆ ಸಂಜೆ ಹೋಗಿದ್ದೆ. ಎರಡು ಮಿರ್ಚಿ ತಿಂದು, ಬಿ.ಪಿ. ಇದೆ, ಸಾಕು ಅಂತ ಎದ್ದೆ. ಗಂಗಮ್ಮ ಜಾಲರಿ ಸೌಟು ಹಿಡಿದ ಕೈಯನ್ನೇ ನನ್ನ ಕಡೆ ತೋರಿಸಿ, ಅಂಗಡಿ ಮುಂದಿನ ಜನಕ್ಕೆಲ್ಲ ಕೇಳೋ ಹಾಗೆ, "ಕುಂದ್ರಿ ಮೇಡಂ, ಮಾಲೀಕರು ಹೇಳಾಕತ್ತಾರ. ಇನ್ನೊಂದು ತಿನ್ರಿ" ಅಂದಳು. ಕೂತು ತಿಂದೆ.